ಮೂರು ಸಲ ಓದುವ ಕಾಕಾ

ನಮ್ಮ ಕಾಕಾನ ಕೈಯಿಂದ ಒಂದು ಕಪ್ ಚಹಾ ಕುಡಿಯಬೇಕಾದರೆ ನಿಮಗೆ ಋಷಿಗಳ ತಾಳ್ಮೆ ಬೇಕು! ಡಬ್ಬಿ ತೆಗೆಯುವಾಗ ಅದರ ಮೇಲಿನ ಚೀಟಿ ನೋಡಿ "ಸಕ್ಕರಿ" ಎಂದು ಓದುತ್ತಾನೆ. ಚಮಚದಿಂದ ಹಾಕುವಾಗ "ಸಕ್ಕರಿ." ಡಬ್ಬಿ ತಿರುಗಿ ಇಡುವಾಗಲೂ "ಸಕ್ಕರಿ!"

"ಸಕ್ಕರಿ ಡಬ್ಬಿಯಾಗ ಹಾವು ಇರತೈತೇನ್ರಿ?" ಎಂದು ಕಾಕಿ ರೇಗುತ್ತಾಳೆ.

"ತಡಿ, ನೋಡಿ ಹೇಳ್ತೇನಿ."

ಇದು ಪುಣೆಯಲ್ಲಿ, ಔಷಧ ಬೆರೆಸಲು ಕಲಿಸುವ ಕಾಲೇಜಿನಲ್ಲಿ ಹತ್ತಿದ ಚಟ. ಸೀಸೆಯ ಚೀಟಿಯನ್ನು ಮೂರು ಸಲ ಓದಬೇಕೆಂದು ಅಲ್ಲಿ ಹೇಳಿಕೊಟ್ಟರಂತೆ. ಕಲಿತದ್ದನ್ನು ಪರೀಕ್ಷೆಯ ಮರುದಿನವೇ ಮರೆಯುವುದು ನಮ್ಮಂಥ ಬಿ.ಎ.ಗಳ ಪದ್ಧತಿ. ಕಾಕಾ ಅದನ್ನು ಅಡುಗೆಮನೆಗೂ ತಂದ!

ಆ ಕಲಿಕೆಯೇನು ಅಗ್ಗವೇ? ಕೊಣ್ಣೂರಿನ ನಮ್ಮ ಹೊಲದ ಒಂದು ವರ್ಷದ ಬೆಲ್ಲವೆಲ್ಲ ಫೀಗೇ ಹೋಯಿತು. ಪುಸ್ತಕಕ್ಕೆ ದುಡ್ಡಿಲ್ಲ. ಹುಕ್ಕೇರಿಯ ಗೆಳೆಯನೊಬ್ಬನ ಜೊತೆ ಸೇರಿ ಒಂದೇ ಪುಸ್ತಕ ಕೊಂಡು, ನಡುವೆ ಕೊಯ್ದು ಹಂಚಿಕೊಂಡ!

"ನನ್ನ ಪಾಲಿಗೆ ಹೊಟ್ಟಿ ರೋಗದ ಭಾಗ ಬಂತು, ಅವನ ಪಾಲಿಗೆ ಚರ್ಮದ್ದು. ಆರು ತಿಂಗಳು ಕಾಲೇಜಿನ ದವಾಖಾನಿಗೆ ತುರಿಕಿಯವರು ಯಾರ ಬಂದ್ರೂ ಅವನ ಕಡೆ ಕಳಸ್ತಿದ್ದೆ."

ಅಳತೆಯ ಗಾಜಿನ ಲೋಟ ಒಡೆದರೆ ದಂಡ. ಕಾಕಾ ಒಂದನ್ನು ಒಡೆದು, ಎಂಟು ದಿನ ಖಾನಾವಳಿಯ ಒಂದು ಹೊತ್ತಿನ ಊಟ ಬಿಟ್ಟ. ಅಂದಿನಿಂದ ಗಾಜಿನದು ಏನೇ ಇರಲಿ, ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಮದುವೆಮನೆಯಲ್ಲಿ ಶರಬತ್ತಿನ ಲೋಟ ಬಿಟ್ಟು ನಮಸ್ಕಾರ ಮಾಡದ್ದಕ್ಕೆ ಬೀಗರು ಮುನಿಸಿಕೊಂಡರು!

ನಾನೂ ನಗುತ್ತಿದ್ದೆ, ಹೋದ ತಿಂಗಳವರೆಗೆ. ಅಂದು ಗೋಕಾಕದ ಅವನ ಔಷಧದಂಗಡಿಯಲ್ಲಿ ಕೂತಿದ್ದೆ. ಮಮದಾಪುರದ ತಾಯಿಯೊಬ್ಬಳು ಕೆಮ್ಮುವ ಕೂಸನ್ನು ತಂದಿದ್ದಳು. ಕಾಕಾ ಕೈ ತೊಳೆಯಲು ಒಳಗೆ ಹೋಗಿದ್ದ.

"ಲಗೂ ಕೊಡ್ರಿ ಅಣ್ಣಾರ, ಬಂಡಿ ಹೊಂಟೈತಿ" ಎಂದಳು.

ಮೇಜಿನ ಮೇಲೆ ಎರಡು ಕಂದು ಸೀಸೆಗಳಿದ್ದವು. ಬಿ.ಎ. ಆದವನು ಚೀಟಿ ಓದಬೇಕೇ? ಹತ್ತಿರದ ಸೀಸೆಯಿಂದ ಅಳತೆಯ ಲೋಟಕ್ಕೆ ಸುರಿದು ಅವಳ ಕೈಗೆ ಕೊಟ್ಟೆ.

ಹೊರಬಂದ ಕಾಕಾ ರೂಢಿಯಂತೆ ಆ ಸೀಸೆ ಎತ್ತಿ ಓದಿದ: "ಕೀಲುನೋವಿಗೆ ಹಚ್ಚುವುದು. ವಿಷ."

ಎರಡನೆಯ ಸಲ ಓದಲಿಲ್ಲ. ಕೂಸಿನ ತುಟಿಯ ಹತ್ತಿರ ಬಂದಿದ್ದ ಲೋಟಕ್ಕೆ ಬೀಸಿ ಹೊಡೆದ. ಗಾಜು ಚೂರುಚೂರಾಯಿತು. ಕೂಸಿನ ಬಾಯಿ ಒರೆಸಿ, ಇಣುಕಿ ನೋಡಿದ. ಒಂದು ಹನಿಯೂ ಹೋಗಿರಲಿಲ್ಲ.

"ತಪ್ಪು ಔಷಧಿ ಕೊಟ್ಟಿದ್ವಿ ತಂಗಿ. ಕೂಸಿಗೇನೂ ಆಗಿಲ್ಲ, ಅಂಜಬ್ಯಾಡ" ಎಂದು, ಮೂರು ಸಲ ಓದಿ, ಸರಿಯಾದದ್ದನ್ನು ಕೊಟ್ಟು ಕಳಿಸಿದ.

ಈಗಲೂ ಕಣ್ಣು ಮುಚ್ಚಿದರೆ ಆ ಲೋಟ ಆ ತುಟಿಯತ್ತ ಹೋಗುತ್ತಲೇ ಇರುತ್ತದೆ.

ಕಾಕಾ ಬೈಯಲಿಲ್ಲ. ಚೂರುಗಳನ್ನು ಬಳಿದು, "ನಮ್ಮ ಕಾಲೇಜಿನಾಗ ಆಗಿದ್ರ ಮತ್ತ ಎಂಟು ದಿನ ಊಟ ಹೋಗ್ತಿತ್ತು ನೋಡು" ಎಂದ. ನನಗೆಂದು ಇನ್ನೊಂದು ಲೋಟದಲ್ಲಿ ನೀರು ತಂದ. ಡಬ್ಬಿ ತೆಗೆದ.

"ಸಕ್ಕರಿ." ಒಂದು ಚಮಚ ಹಾಕಿದ. "ಸಕ್ಕರಿ."

ಡಬ್ಬಿ ತಿರುಗಿ ಇಡುವಾಗ ಅದರ ಚೀಟಿಯನ್ನು ನನ್ನತ್ತ ಹಿಡಿದ.

"ಸಕ್ಕರಿ" ಎಂದೆ ನಾನು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.