ದಿಂಬಿನ ಮೇಲೆ ದಾಸವಾಳ, ಎದೆಯೊಳಗೆ ಡವಡವ

ಧೈರ್ಯ ಇರೋರ ಮನೇಲಿ ಏನೂ ಆಗಲ್ಲ. ಹೆದರೋರನ್ನೇ ಹುಡುಕಿಕೊಂಡು ಎಲ್ಲಾ ಬರುತ್ತೆ. ನಾನು ಕುಕ್ಕರ್ ಸೀಟಿಗೂ ಹೆದರ್ತೀನಿ, ಲಿಫ್ಟಿಗೂ ಹೆದರ್ತೀನಿ, ಮಧ್ಯಾಹ್ನ ಯಾರಾದರೂ ಬೆಲ್ ಮಾಡಿದರೂ ಹೆದರ್ತೀನಿ. ಅಂಥವಳು ದಿಂಬಿನ ಕವರಿನ ಮೇಲೆ ಹೂವು ಬಿಡಿಸಿ ಹೊಲಿಯೋ ಕೆಲಸಕ್ಕೆ ಕೈ ಹಾಕಿದ ಮೇಲೆ ನಮ್ಮ ವಿಜಯನಗರದ ಮನೇಲಿ ಯಾರಿಗೂ ನೆಮ್ಮದಿ ಇಲ್ಲ. ಅದನ್ನ ಕಲಿಯೋಕೆ ಕ್ಲಾಸಿಗೆ ಕಳಿಸಿದ್ದು ನಮ್ಮ ಯಜಮಾನರೇ. ಒಬ್ಬಳೇ ಕೂತು ಇಲ್ಲದ್ದೆಲ್ಲಾ ಯೋಚನೆ ಮಾಡ್ತೀಯ, ಕೈಗೊಂದು ಕೆಲಸ ಇದ್ದರೆ ಭಯ ಹೋಗುತ್ತೆ ಅಂದಿದ್ದರು.

ಹಲ್ಲು ಇಳಿಸಿದ ಮಿಷನ್

ಕ್ಲಾಸು ಮಾರೇನಹಳ್ಳಿಯಲ್ಲಿ, ಹೇಳಿಕೊಡೋ ಮೇಡಂ ಮನೆಯ ಮಹಡಿ ಮೇಲೆ. ಬಟ್ಟೆಗೆ ಹಾಕೋ ಬಣ್ಣದಲ್ಲಿ ಮೊದಲು ಹೂವು ಬಿಡಿಸಬೇಕು, ಒಣಗಿದ ಮೇಲೆ ಇಸ್ತ್ರಿ ಮಾಡಬೇಕು, ಆಮೇಲೆ ಹೂವಿನ ಅಂಚಿಗೆಲ್ಲಾ ಮಿಷನ್‌ನಲ್ಲಿ ಕಪ್ಪು ದಾರದ ಗೆರೆ ಓಡಿಸಬೇಕು. ಬಣ್ಣದವರೆಗೆ ನನಗೇನೂ ತೊಂದರೆ ಆಗಲಿಲ್ಲ. ಗೆರೆ ಓಡಿಸೋ ದಿನ ಮೇಡಂ ಬಂದು, ಸೂಜಿ ಕೆಳಗೆ ಬಟ್ಟೆಯನ್ನ ಮುಂದಕ್ಕೆ ಎಳೆಯೋ ಹಲ್ಲುಗಳಿರುತ್ತಲ್ಲ, ಅದನ್ನ ಒಂದು ಗುಂಡಿ ತಿರುಗಿಸಿ ಕೆಳಗೆ ಇಳಿಸಿಬಿಟ್ಟರು. ಇನ್ನು ಮಿಷನ್ ಬಟ್ಟೆ ಎಳೆಯಲ್ಲ, ನೀವೇ ಎರಡೂ ಕೈಯಲ್ಲಿ ಬಟ್ಟೆ ಆಡಿಸಬೇಕು, ಎಲ್ಲಿಗೆ ಕರೆದುಕೊಂಡು ಹೋಗ್ತೀರೋ ಅಲ್ಲಿಗೆ ಹೊಲಿಗೆ ಬರುತ್ತೆ ಅಂದರು.

ನನ್ನ ಜೀವ ಹಾರಿಹೋಯಿತು. ಮದುವೆಯಾದಾಗಿನಿಂದ ಸ್ಕೂಟರ್ ಹಿಂದೆ ಕಣ್ಣು ಮುಚ್ಚಿಕೊಂಡು ಕೂತವಳು ನಾನು. ನನ್ನ ಕೈಗೆ ಹ್ಯಾಂಡಲ್ ಕೊಟ್ಟರೆ ಹೇಗೆ? ಸೂಜಿ ಬೇರೆ ಬೆರಳಿನ ಪಕ್ಕದಲ್ಲೇ ಕುಣೀತಾ ಇದೆ. ಪೆಡಲ್ ಒತ್ತಿದೆ, ಮಿಷನ್ ಗರ್ ಅಂತು, ನನ್ನ ಕೈ ಕಲ್ಲಾಯಿತು. ಬಟ್ಟೆ ಅಲ್ಲಾಡದೆ ಒಂದೇ ಜಾಗದಲ್ಲಿ ಮೆಣಸಿನಕಾಳಿನ ಹಾಗೆ ದಾರದ ಗಂಟು ಬಿತ್ತು. ಕೈ ಆಡಿಸಿ ಅಂತ ಮೇಡಂ ಹಿಂದಿನಿಂದ ಹೇಳಿದ್ದೇ ತಡ, ಬೆಚ್ಚಿಬಿದ್ದು ಎಳೆದೆ. ಹೊಲಿಗೆ ದಾಸವಾಳವನ್ನ ಬಿಟ್ಟು, ಎಲೆಯನ್ನ ದಾಟಿ, ಅಡ್ಡಾದಿಡ್ಡಿ ಓಡಿ, ನಡುವೆ ಅಲ್ಲಲ್ಲಿ ಗಂಟು ಹಾಕಿಕೊಂಡು ಬಟ್ಟೆಯ ಅಂಚಿಗೆ ಹೋಗಿ ನಿಂತಿತು.

ಮೇಡಂ ಕನ್ನಡಕ ಸರಿಮಾಡಿಕೊಂಡು ನೋಡಿದರು. ಮಾನ ಉಳಿಸಿಕೊಳ್ಳೋಕೆ ನಾನು, ಅದು ಹೂವಿನ ಪಕ್ಕದ ಬಳ್ಳಿ ಮೇಡಂ ಅಂದೆ.

"ಬಳ್ಳಿಯಲ್ಲಿ ಇಷ್ಟು ಹಳ್ಳ ಇರಲ್ಲಮ್ಮ," ಅಂದರು ಅವರು. "ಇದು ಮಾಗಡಿ ರೋಡು."

ಕೆಂಪು ನೀರು

ನಾವು ಬಾಡಿಗೆಗಿರೋದು ಮೊದಲನೇ ಮಹಡಿಯಲ್ಲಿ. ಕೆಳಗೆ ಓನರ್ ಆಂಟಿ ಇದ್ದಾರೆ. ಅವರೂ ನನ್ನ ಹಾಗೇ, ಸ್ವಲ್ಪ ಹೆದರೋ ಸ್ವಭಾವ. ಟಿವಿಯಲ್ಲಿ ಬರೋ ಕ್ರೈಮ್ ಕಾರ್ಯಕ್ರಮ ಒಂದನ್ನೂ ಬಿಡದೆ ನೋಡಿ, ಆಮೇಲೆ ಮನೆಯ ಚಿಲಕ ಎರಡೆರಡು ಸಲ ನೋಡಿಕೊಳ್ಳೋರು.

ಒಂದು ದಿನ ದೊಡ್ಡ ದಾಸವಾಳಕ್ಕೆ ಬಣ್ಣ ಹಾಕಿ ಬಚ್ಚಲಲ್ಲಿ ಬ್ರಷ್ ತೊಳೀತಾ ಇದ್ದಾಗ ಕೆಂಪು ಬಣ್ಣದ ಬಾಟಲಿ ಕೈಜಾರಿ ಅಲ್ಲೇ ಬಿತ್ತು. ಎಲ್ಲಿ ಕಲೆ ಉಳಿದು ಆಂಟಿ ಬೈತಾರೋ ಅನ್ನೋ ಭಯಕ್ಕೆ ಬಕೆಟ್‌ಗಟ್ಟಲೆ ನೀರು ಹುಯ್ದು ಉಜ್ಜಿದೆ. ಆ ನೀರು ಪೈಪಿನಲ್ಲಿ ಇಳಿದು ಕೆಳಗೆ ಆಂಟಿಯ ಹಿತ್ತಿಲಲ್ಲಿ ಹರೀತಾ ಇದೆ ಅನ್ನೋದು ನನಗೆ ಹೊಳೆಯಲೇ ಇಲ್ಲ.

ಬೆಲ್ ಆಯಿತು. ಹೆದರುತ್ತಲೇ ಬಾಗಿಲು ತೆಗೆದೆ. ಆಂಟಿ ನಿಂತಿದ್ದರು. ನನ್ನ ಎರಡೂ ಕೈ ಮೊಣಕೈವರೆಗೆ ಕೆಂಪು. ಅದನ್ನ ನೋಡಿ ಅವರು ಎರಡು ಮೆಟ್ಟಿಲು ಕೆಳಗಿಳಿದು ಕಂಬಿ ಹಿಡಿದುಕೊಂಡರು. ಕಲೆ ಗೊತ್ತಾಗಿಹೋಯಿತು ಅಂತ ನನ್ನ ಎದೆಯೂ ಹೊಡೆದುಕೊಳ್ತಾ ಇತ್ತು.

"ನಿಮ್ಮ ಯಜಮಾನ್ರು ಎಲ್ಲಮ್ಮ?" ಅಂತ ಕೇಳಿದರು.

ನಮ್ಮ ಯಜಮಾನರಿಗೆ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ, ಹಿಂದಿನ ದಿನ ನೈಟ್ ಶಿಫ್ಟ್. "ಒಳಗೆ ಮಲಗಿದ್ದಾರೆ ಆಂಟಿ," ಅಂದೆ.

"ಯಾವಾಗಿಂದ?"

"ಬೆಳಗ್ಗೆಯಿಂದ. ಅಲ್ಲಾಡೇ ಇಲ್ಲ. ನಾನು ಎಲ್ಲಾ ತೊಳೆದುಬಿಟ್ಟಿದ್ದೀನಿ ಆಂಟಿ, ಯಾರಿಗೂ ಗೊತ್ತಾಗಲ್ಲ."

ಆಂಟಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಅದೇ ಹೊತ್ತಿಗೆ ನಮ್ಮ ಯಜಮಾನರು ಲುಂಗಿ ಸರಿಮಾಡಿಕೊಳ್ತಾ ಬಾಗಿಲಿಗೆ ಬಂದು, ಏನು ಗಲಾಟೆ, ಒಂದು ಲೋಟ ಕಾಫಿ ಕೊಡೇ ಅಂದರು. ಆಂಟಿ ಅವರನ್ನ ಮೇಲಿಂದ ಕೆಳಗಿನವರೆಗೆ ನೋಡಿ, ಎದೆ ಮೇಲೆ ಕೈ ಇಟ್ಟುಕೊಂಡು ನಿಧಾನಕ್ಕೆ ಹೇಳಿದರು:

"ಅವರಿಗೆ ಆಮೇಲೆ ಕೊಡಿ. ಕಾಫಿ ಮೊದಲು ನನಗೆ ಕೊಡಿ."

ಕೆನ್ನೆಯ ಮೇಲೆ

ಇಸ್ತ್ರಿ ಚೆನ್ನಾಗಿ ಬಿಸಿ ಇದ್ದರೇನೇ ಬಣ್ಣ ಬಟ್ಟೆಗೆ ಹಿಡಿಯೋದು ಅಂತ ಮೇಡಂ ಸಾರಿ ಸಾರಿ ಹೇಳಿದ್ದರು. ಸುಟ್ಟುಹೋದರೆ ಏನು ಗತಿ ಅಂತ ನಾನು ಮಗುವಿನ ಹಣೆ ಮುಟ್ಟೋ ಅಷ್ಟು ಬೆಚ್ಚಗೆ ಇಸ್ತ್ರಿ ಮಾಡಿದೆ. ದಿಂಬು ನೋಡೋಕೆ ಬಹಳ ಚೆನ್ನಾಗಿತ್ತು. ಹಾಲ್‌ನಲ್ಲಿ ಸೋಫಾ ಮೇಲೆ ಇಟ್ಟೆ.

ಆ ಬೇಸಿಗೆಯಲ್ಲಿ ಯಜಮಾನರು ಫ್ಯಾಕ್ಟರಿಯಿಂದ ಬಂದವರು ಬೆವರಿನಲ್ಲೇ ಅದರ ಮೇಲೆ ಕೆನ್ನೆ ಊರಿ ಮಲಗಿಬಿಟ್ಟರು. ಎದ್ದು ಕನ್ನಡಿ ನೋಡಿಕೊಂಡವರು ಕಿವಿಯಿಂದ ಗಲ್ಲದವರೆಗೆ ಕೆಂಪಗೆ, ಅಲ್ಲಲ್ಲಿ ಹಸಿರಾಗಿ ಏನೋ ಸುತ್ತಿಕೊಂಡಿದ್ದನ್ನ ಕಂಡು ಬಿಳಿಚಿಕೊಂಡರು. ನನ್ನನ್ನ ಕರೆದು, ನಮ್ಮ ತಾತನಿಗೂ ಹೀಗೇ ಆಗಿತ್ತು, ಇದು ಸರ್ಪಸುತ್ತು ಅಂದರು. ನಾನು ದಿಂಬಿನ ಕಡೆ ತಿರುಗಿಯೂ ನೋಡಲಿಲ್ಲ. ಸರ್ಪಸುತ್ತು ಒಂದು ಸುತ್ತು ಪೂರ್ತಿ ಆದರೆ ಜೀವಕ್ಕೇ ಅಪಾಯ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. ಸುತ್ತು ಎಲ್ಲಿವರೆಗೆ ಬಂದಿದೆ ಅಂತ ಅವರ ಕತ್ತಿನ ಹಿಂದೆ ನೋಡ್ತಾ ಅಳೋಕೆ ಶುರು ಮಾಡಿದೆ.

ಬಸವೇಶ್ವರನಗರದ ಕ್ಲಿನಿಕ್‌ಗೆ ಓಡಿದೆವು. ಡಾಕ್ಟರು ಲೈಟ್ ಹಾಕಿ, ಮುಖ ಆ ಕಡೆ ಈ ಕಡೆ ತಿರುಗಿಸಿ, ತುಂಬಾ ಹೊತ್ತು ನೋಡಿದರು. ಅವರು ನೋಡಿದಷ್ಟೂ ನಾನು ಮನಸ್ಸಿನಲ್ಲೇ ಹರಕೆ ಹೊರುತ್ತಾ ಹೋದೆ. ಕೊನೆಗೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಕೆನ್ನೆ ಒರೆಸಿ, ಹತ್ತಿಯನ್ನ ನಮಗೆ ತೋರಿಸಿದರು.

"ಸರ್ಪ ಎಲ್ಲೂ ಕಾಣ್ತಾ ಇಲ್ಲ ಸಾರ್," ಅಂದರು. "ಬಳ್ಳಿ ಮಾತ್ರ ಸುತ್ತಿದೆ. ಒಂದು ಮೊಗ್ಗೂ ಬಿಟ್ಟಿದೆ."

ಕೆಂಪು ಮಣಿಯ ಪಿನ್ನು

ಇಷ್ಟೆಲ್ಲಾ ಆದ ಮೇಲೂ ಮೇಡಂ ನನಗೊಂದು ಆರ್ಡರ್ ಕೊಡಿಸಿದರು. ನಾಗರಬಾವಿಯಲ್ಲಿ ಒಂದು ನಾಮಕರಣ. ಮುತ್ತಜ್ಜಿ ಮಗುವನ್ನ ತೊಡೆ ಮೇಲೆ ಇಟ್ಟುಕೊಂಡು ಕೂರುವಾಗ ಬೆನ್ನಿಗೆ ಇಡೋಕೆ ಹೂವಿನ ದಿಂಬು ಬೇಕಂತೆ. ಈ ಸಲ ಇಸ್ತ್ರಿಯೂ ಬಿಸಿ ಇತ್ತು, ಗೆರೆಯೂ ನೆಟ್ಟಗೆ ಬಂತು. ಹತ್ತಿ ತುಂಬಿ, ಬಾಯಿ ಹೊಲಿದು, ನಾಮಕರಣದ ಬೆಳಗ್ಗೆ ಯಜಮಾನರ ಕೈಲಿ ಕಳಿಸಿದೆ.

ಅವರು ಹೋದ ಮೇಲೆ ಮಿಷನ್ ಒರೆಸ್ತಾ ನೋಡಿದರೆ ಕೆಂಪು ಮಣಿಯ ಪಿನ್ನು ಇಲ್ಲ. ಬಟ್ಟೆಯ ನಡುವೆ ಗುರುತಿಗೆ ಅಂತ ಅದೊಂದನ್ನೇ ಚುಚ್ಚೋದು ನಾನು. ಹೊಲಿಯೋ ಮುಂಚೆ ತೆಗೆದೆನಾ? ಎಷ್ಟು ಯೋಚಿಸಿದರೂ ತೆಗೆದ ನೆನಪೇ ಬರಲಿಲ್ಲ. ದಿಂಬು, ಒಳಗೆ ಪಿನ್ನು, ಪಕ್ಕದಲ್ಲಿ ಹಸುಗೂಸು. ಯಜಮಾನರಿಗೆ ಫೋನ್ ಮಾಡಿದರೆ ಫೋನು ಅಡುಗೆಮನೆಯಲ್ಲೇ ಚಾರ್ಜಿನಲ್ಲಿ ಹೊಡೆದುಕೊಳ್ತು.

ಸಿಕ್ಕ ಆಟೋ ಹತ್ತಿ, ಅಣ್ಣ ನಾಗರಬಾವಿಗೆ ಬೇಗ ಹೋಗಿ, ಮಗು ವಿಷಯ ಅಂದೆ. ಪಾಪ, ಅವರು ಸಿಗ್ನಲ್ ಕೂಡ ನೋಡದೆ ಓಡಿಸಿಕೊಂಡು ಹೋಗಿ ಹೆರಿಗೆ ಆಸ್ಪತ್ರೆ ಮುಂದೆ ನಿಲ್ಲಿಸಿದರು. ಅಲ್ಲಿಂದ ಮತ್ತೆ ದಾರಿ ಹೇಳಿ ಮನೆ ತಲುಪೋ ಹೊತ್ತಿಗೆ ಶಾಸ್ತ್ರ ಶುರುವಾಗಿತ್ತು. ಮುತ್ತಜ್ಜಿ ಗೋಡೆಗೆ ದಿಂಬು ಇಟ್ಟುಕೊಂಡು, ಅದಕ್ಕೆ ಪೂರ್ತಿ ಒರಗಿ, ಮಗುವನ್ನ ತೊಡೆ ಮೇಲೆ ಮಲಗಿಸಿಕೊಂಡಿದ್ದರು.

ಮೊದಲು ಮಗುವಿನ ತಾಯಿಗೆ, ಮಗೂಗೆ ಹಸಿವಾಗಿರಬೇಕು, ಎತ್ತಿಕೊಳ್ಳಿ ಅಂದೆ. ಅವರು ಎತ್ತಿಕೊಂಡರು. ಅರ್ಧ ಜೀವ ಬಂತು. ತುಂಬಿದ ಸಭೆಯಲ್ಲಿ ಕೂಗಿ ಹೇಳೋಕೆ ಭಯವಾಗಿ, ಅಜ್ಜಿಯ ಕಿವಿ ಹತ್ತಿರ ಬಗ್ಗಿ ಪಿಸುಗುಟ್ಟಿದೆ. "ಅಜ್ಜಿ, ದಿಂಬಲ್ಲಿ ಪಿನ್ ಇರಬಹುದು. ಚುಚ್ಚುತ್ತಾ ಇದೆಯಾ?"

ಅಜ್ಜಿಗೆ ಕಿವಿ ಮಂದ. "ಹ್ಞೂಂ ಕಣವ್ವ," ಅಂದರು. "ಬೆನ್ನಲ್ಲಿ ಪಿನ್ನು ಚುಚ್ಚಿದ ಹಾಗೇ ಆಗ್ತದೆ."

ಯಾವಾಗಿಂದ ಅಜ್ಜಿ ಅಂತ ಕೇಳಿದೆ.

"ನಮ್ಮ ಯಜಮಾನ್ರು ಹೋದಾಗಿಂದ."

ಉಸಿರು ಬಂತು, ಆದರೆ ಪಿನ್ನು ಸಿಗಬೇಕಲ್ಲ. ಅಜ್ಜಿ ಏಳಲ್ಲ ಅಂದರು. ಬೇರೆ ದಾರಿ ಇಲ್ಲದೆ ಅವರ ಬೆನ್ನಿಗೂ ದಿಂಬಿಗೂ ನಡುವೆ ಕೈ ತೂರಿಸಿ, ಒಂದೊಂದೇ ಜಾಗ ಒತ್ತಿ ಒತ್ತಿ ನೋಡೋಕೆ ಶುರು ಮಾಡಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡು, "ಒಂಚೂರು ಕೆಳಗೆ... ಹಾಂ, ಅಲ್ಲೇ," ಅಂದರು. ನಾನು ಬೆವರುತ್ತಾ ದಿಂಬಿನ ನಾಲ್ಕು ಮೂಲೆ ಮುಗಿಸಿದೆ. ಪಿನ್ನು ಇಲ್ಲ. ತಲೆ ಎತ್ತಿದರೆ ಮಂಡಿ ಹಿಡಿದುಕೊಂಡ ಇಬ್ಬರು ಹಿರಿಯರು ಮುಂದಿನ ಸರದಿಗೆ ಪಕ್ಕದಲ್ಲಿ ಬಂದು ಕೂತಿದ್ದರು.

ಆ ಹೊತ್ತಿಗೆ ನಮ್ಮ ಯಜಮಾನರು ತಿಂಡಿ ಮುಗಿಸಿ ಕೈ ಒರೆಸಿಕೊಳ್ತಾ ಒಳಗೆ ಬಂದರು. ಅವರ ಶರ್ಟಿನ ನಡುವೆ, ಹೊಟ್ಟೆಯ ಮೇಲೆ, ಗುಂಡಿ ಇರಬೇಕಾದ ಕಡೆ ಕೆಂಪು ಮಣಿ ಫಳಫಳ ಹೊಳೀತಾ ಇತ್ತು.

"ಗುಂಡಿ ಕಿತ್ತು ಬಂದಿತ್ತು ಕಣೇ," ಅಂದರು. "ನೀನು ಗಾಬರಿಯಲ್ಲಿದ್ದೆ, ಹೊಲಿದುಕೊಡು ಅನ್ನೋಕೆ ಭಯ ಆಯ್ತು."

ಮಗುವಿನ ತಾಯಿಗೆ ಎಲ್ಲಾ ಹೇಳಿದೆ. ಅವರು ನಕ್ಕ ನಗುವಿಗೆ ಮಲಗಿದ್ದ ಮಗು ಎದ್ದು ಅತ್ತಿತು.

ಮಾರನೇ ದಿನ ಮೇಡಂ ಫೋನ್ ಮಾಡಿ, ನಾಗರಬಾವಿ ಮನೆಯವರಿಗೆ ನಿಮ್ಮ ಕೆಲಸ ಬಹಳ ಹಿಡಿಸಿದೆ, ವಾರಕ್ಕೆ ಎರಡು ಸಲ ಬೇಕಂತೆ ಅಂದರು. ಅಷ್ಟೊಂದು ದಿಂಬು ಏನು ಮಾಡ್ತಾರೆ ಮೇಡಂ ಅಂತ ಹೆದರಿಕೊಂಡೇ ಕೇಳಿದೆ.

"ದಿಂಬು ಯಾರು ಕೇಳಿದ್ರಮ್ಮ," ಅಂದರು ಮೇಡಂ. "ಬರುವಾಗ ಎಳ್ಳೆಣ್ಣೆ ನೀವೇ ತರ್ತೀರಾ, ಇಲ್ಲ ಅವರೇ ತರಿಸಿಡಬೇಕಾ ಅಂತ ಅಜ್ಜಿ ಕೇಳ್ತಾ ಇದ್ದಾರೆ."