ಎರಡು ಊರಿಗೆ ಒಂದೇ ರೀಲು

ಕಂಪನಿ ನಾಟಕ ನೋಡಿ ಬೆಳೆದ ಹೊನ್ನಮ್ಮನಿಗೆ ಪದ ಚೆನ್ನಾಗಿದ್ದರೆ ‘ವನ್ಸ್ ಮೋರ್’ ಕೂಗಬೇಕೆಂಬುದು ಗೊತ್ತಿತ್ತು. ಪರದೆಯ ಮೇಲಿನ ನಟನಿಗೆ ಅದು ಕೇಳಿಸದು ಎಂಬುದನ್ನು ಅವಳು ಒಪ್ಪುತ್ತಿರಲಿಲ್ಲ. ಹೆಸರಾಂತ ಸಂಗೀತ ನಾಟಕ ‘ಮಣಿಮಾಲಾ ಪರಿಣಯ’ ಸಿನಿಮಾ ಆಗಿ ಕುಮಟೆಗೆ ಬಂದ ದಿನ, ಮ್ಯಾಟಿನಿಯಲ್ಲಿ ಮೊದಲ ಹಾಡು ಮುಗಿಯುತ್ತಲೇ ಬಾಲ್ಕನಿಯಲ್ಲಿ ಎದ್ದು ನಿಂತು ಕೂಗಿದಳು.

ಆಪರೇಟರ್ ಉಮೇಶ ಸುಮ್ಮನಿರಬಹುದಿತ್ತು. ಆದರೆ ಅವನಿಗೆ ಹೊನ್ನಮ್ಮನ ತಮ್ಮನ ಮಗಳು ರಂಜಿತಾಳನ್ನು ಮದುವೆಯಾಗಬೇಕಿತ್ತು. ತಮ್ಮ ಮಾದೇವ ಹೊನ್ನಾವರದವನು, ಅಕ್ಕ ಹಾಕಿದ ಗೆರೆ ದಾಟುವವನಲ್ಲ. ಉಮೇಶ ಹೆಣ್ಣು ಕೇಳಿದ್ದಕ್ಕೆ “ಸಿನಿಮಾ ನೋಡ್ಕಂಡು ಹೇಳ್ತೆ” ಎಂದಿದ್ದ. ಅಪ್ಪ ಮಗಳಿಗೆ ಹೊನ್ನಾವರದ ಟಾಕೀಸಿಗೆ ಪಾಸು ಕೊಡಿಸಿದವನೂ ಉಮೇಶನೇ.

ಅಕ್ಕ ಒಲಿದರೆ ತಮ್ಮ ಒಲಿದಂತೆ. ಉಮೇಶ ರೀಲು ನಿಲ್ಲಿಸಿ, ಕೈಯಲ್ಲೇ ಹಿಂದಕ್ಕೆ ಸುತ್ತಿ, ಹಾಡನ್ನು ಮತ್ತೊಮ್ಮೆ ಬಿಟ್ಟ. ಟಾಕೀಸಿಗೆ ಟಾಕೀಸೇ ಚಪ್ಪಾಳೆ ತಟ್ಟಿತು.

ತೊಡಕು ಇಷ್ಟೆ: ಎರಡು ಊರಿಗೂ ಇದ್ದದ್ದು ಒಂದೇ ಪ್ರಿಂಟು. ಕುಮಟೆಯಲ್ಲಿ ಮುಗಿದ ರೀಲನ್ನು ಟಾಕೀಸಿನ ಆಳು ನಾಗ ತನ್ನ ಎಂಎಯ್ಟಿ ಮೊಪೆಡ್ಡಿಗೆ ಕಟ್ಟಿಕೊಂಡು ಹೊನ್ನಾವರಕ್ಕೆ ಓಡಿಸಬೇಕು. ಅಲ್ಲಿಯ ಆಪರೇಟರ್ ದೇವು ಒಂದು ಗಂಟೆ ತಡವಾಗಿ ಅದನ್ನು ಓಡಿಸಬೇಕು.

ಎರಡನೇ ಹಾಡಿಗೂ ಹೊನ್ನಮ್ಮ ಎದ್ದಳು. ಮೂರನೆಯದಕ್ಕೆ ಅವಳ ಜತೆ ಬಾಲ್ಕನಿಯೇ ಎದ್ದಿತು. ಕೆಳಗೆ ನಾಗ ಹಾರನ್ ಒತ್ತಿ ಒತ್ತಿ ಸಾಕಾಗಿ ಮೇಲೆ ಹತ್ತಿ ಬಂದ.

“ಎಂತ ಮಾಡ್ತೆ ನೀನು? ಅಲ್ಲಿ ದೇವು ಕಾಯ್ತಾ ಇದ್ದ.”

“ಧಾರೇಶ್ವರ ದಾಟಿದ ಮೇಲೆ ಸ್ವಲ್ಪ ಜೋರು ಹೊಡಿ ಮಾರಾಯ. ಎಲ್ಲಾ ಸರಿ ಆಗ್ತದೆ” ಎಂದ ಉಮೇಶ. ಅವನ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಮುಂದಿನ ಹಾಡುಗಳೂ ಎರಡೆರಡು ಸಲ ಓಡಿದವು.

ಕೊನೆಯ ರೀಲಿನ ಸ್ವಯಂವರದ ಹಾಡಿಗೆ ಹೊನ್ನಮ್ಮ ಎರಡು ಸಲ ಕೂಗಿದಳು. ಎರಡನೇ ಸಲಕ್ಕೆ ಹೊನ್ನಾವರದಿಂದ ಫೋನ್ ಬಂತು. ದೇವುವಿನ ದನಿ ಬೆವರಿತ್ತು.

“ಪರದೆ ಖಾಲಿ ಆಗಿ ಅರ್ಧ ತಾಸು ಆತು. ಜನ ಕುರ್ಚಿ ಮುರೀತ್ರು. ಮುಂದಿನ ಸಾಲಲ್ಲಿ ಮಾದೇವಣ್ಣ ಎದ್ದು ನಿಂತಾನೆ.”

ಮಾದೇವ ಎದ್ದು ನಿಂತ ಎಂದರೆ ಸಿಟ್ಟಿಗೆದ್ದ ಎಂದೇ ಉಮೇಶ ತಿಳಿದ. ಮೂರನೇ ಸಲದ ಹಾಡಿನೊಂದಿಗೆ ಸಿನಿಮಾ ಮುಗಿದದ್ದೇ ರೀಲು ಕಿತ್ತು ಡಬ್ಬಿಗೆ ತುಂಬಿದ. ಮೆಟ್ಟಿಲಲ್ಲಿ ಅಡ್ಡ ಬಂದ ಹೊನ್ನಮ್ಮ ಅವನ ತಲೆ ಸವರಿ, “ನೀನೇ ನಮ್ಮನೆ ಅಳಿಯ, ಹೋಗು” ಎಂದಳು. ಅರ್ಧ ಗೆದ್ದ ಖುಷಿಯಲ್ಲಿ ಉಮೇಶ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾಗನ ಹಿಂದೆ ಕೂತ. ಹಳದೀಪುರದಲ್ಲಿ ಎಮ್ಮೆ ಹಿಂಡು ದಾರಿ ಬಿಡಲಿಲ್ಲ. ಎಮ್ಮೆಗಳಿಗೂ ಕೈಮುಗಿದು ನೋಡಿದ. ಮಾದೇವನ ಕಾಲು ಹಿಡಿಯುವಾಗ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಲಿತ.

ಹೊನ್ನಾವರದ ಟಾಕೀಸಿನ ಬಾಗಿಲಲ್ಲಿ ನಿಂತರೆ ಒಳಗಿಂದ ಸ್ವಯಂವರದ ಹಾಡೇ ಕೇಳುತ್ತಿತ್ತು. ಉಮೇಶ ತನ್ನ ಡಬ್ಬಿಯನ್ನು ಮುಟ್ಟಿ ನೋಡಿಕೊಂಡ. ರೀಲು ಅಲ್ಲೇ ಇತ್ತು.

ಒಳಗೆ ಬಿಳಿ ಪರದೆಯ ಮುಂದೆ, ಒಂದು ಕೈ ಕಿವಿಗೆ ಕೊಟ್ಟು, ಮಾದೇವ ಹಾಡುತ್ತಿದ್ದ. ಹರೆಯದಲ್ಲಿ ಅದೇ ನಾಟಕದ ರಾಜಕುಮಾರನ ಪಾತ್ರ ಮಾಡಿ, ಅಪ್ಪನ ಏಟಿಗೆ ಹೆದರಿ ಬಣ್ಣ ಹಚ್ಚುವುದನ್ನೇ ಬಿಟ್ಟಿದ್ದನಂತೆ. ಪಕ್ಕದಲ್ಲಿ ದೇವು ಮೈಕ್ ಹಿಡಿದು ನಿಂತಿದ್ದ. ಜನ ಕುರ್ಚಿ ಮುರಿಯುವುದನ್ನು ಮರೆತು ಕಣ್ಣೊರೆಸಿಕೊಳ್ಳುತ್ತಿದ್ದರು.

ಹಾಡು ಮುಗಿಸಿ ಮಾದೇವ ಮೈಕ್ ತನ್ನ ಕೈಗೆ ತೆಗೆದುಕೊಂಡ.

“ನಾ ಹಾಡದೇ ಮೂವತ್ತು ವರ್ಷ ಆತು. ಇವತ್ತು ಕೈ ಹಿಡಿದು ಮೇಲೆ ಹತ್ಸಿದವ ಈ ದೇವು. ಇವನಿಗೇ ನನ್ನ ಮಗಳನ್ನ ಕೊಡ್ತೆ.”

“ನಂಗೂ ಅಡ್ಡಿಲ್ಲ ಅಪ್ಪಾ” ಎಂದಳು ಮುಂದಿನ ಸಾಲಿನಿಂದ ರಂಜಿತಾ, ಕೇಳುವ ಮೊದಲೇ.

ಮಾದೇವನ ಕಣ್ಣು ಬಾಗಿಲ ಬಳಿ ನಿಂತ ಉಮೇಶನ ಮೇಲೆ ಬಿತ್ತು. ಕೆಳಗಿಳಿದು ಬಂದು ಅವನನ್ನು ತಬ್ಬಿಕೊಂಡ. ಅಕ್ಕನಿಗೆ ತಾನೇ ಹೇಳಿ ಒಪ್ಪಿಸುತ್ತೇನೆಂದ.

“ನೀ ತಡ ಮಾಡಿದ್ದೇ ಒಳ್ಳೇದಾತು ಉಮೇಶಾ. ಮದುವೆ ವಿಡಿಯೋ ನೀನೇ ತೆಗೀಬೇಕು. ನನ್ನ ಪದ ಮಾತ್ರ ಒಂದೂ ಬಿಡೂಕಾಗ.”