ಪಿಳ್ಳಮ್ಮನವರ ಮುಖ ಒಪ್ಪದ ಆ್ಯಪ್ಪಿಗೆ

ಮುಖ ನೋಡಿ ಹಾಜರಿ ಹಾಕುವ ಶ್ರೀಮಾನ್ ಆ್ಯಪ್ ಅವರಿಗೆ,
ಮೊಬೈಲಿನ ಒಳಗೆ, ಕ್ಯಾಮೆರಾದ ಹಿಂಬದಿ.

ಮಾನ್ಯರೇ,

ದೊಡ್ಡಬಳ್ಳಾಪುರ ತಾಲ್ಲೂಕು, ಮಧುರೆ ಹೋಬಳಿಯ ನಮ್ಮೂರ ಕೆರೆಯಂಗಳದಿಂದ, ಇಪ್ಪತ್ತೆರಡು ಗುದ್ದಲಿ, ಇಪ್ಪತ್ತೆರಡು ಮಂಕರಿ ಹಾಗೂ ಇಪ್ಪತ್ತೊಂದು ಮುಖಗಳ ಪರವಾಗಿ ತಮಗೆ ಸಾಷ್ಟಾಂಗ ನಮಸ್ಕಾರಗಳು. ಇಪ್ಪತ್ತೆರಡನೆಯ ಮುಖದ ವಿಚಾರವಾಗಿಯೇ ಈ ಪತ್ರ ಬರೆಯುತ್ತಿರುವುದರಿಂದ ಅದರ ಪರವಾಗಿ ನಮಸ್ಕರಿಸಲು ನನಗೆ ಅಧಿಕಾರವಿದೆಯೋ ಇಲ್ಲವೋ ತಿಳಿಯದು.

ನಾನು ವರಲಕ್ಷ್ಮಮ್ಮ, ಉದ್ಯೋಗ ಖಾತ್ರಿ ಕೆಲಸದಲ್ಲಿ ಕಾಯಕ ಬಂಧು. ಅಂದರೆ ಗುಂಪು ಕಟ್ಟಿ, ಒಬ್ಬೊಬ್ಬರಿಗೂ ಅಗೆಯುವ ಪಾಲು ಅಳೆದುಕೊಟ್ಟು, ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ಎಲ್ಲರ ಮುಖವನ್ನೂ ತಮ್ಮ ಸನ್ನಿಧಿಗೆ ಒಪ್ಪಿಸುವವಳು. ತಮ್ಮ ಪೂಜಾರಿ ಎಂದುಕೊಂಡರೂ ಬೇಸರವಿಲ್ಲ, ಆದರೆ ಪೂಜಾರಿಗೆ ತಟ್ಟೆಕಾಸಾದರೂ ಸಿಗುತ್ತದೆ.

ಈ ವರ್ಷ ನಮ್ಮ ಕಡೆ ಕೆಲಸವೆಂಬುದು ಎಲ್ಲಿ ಅಡಗಿತೋ ದೇವರಿಗೇ ಗೊತ್ತು. ದೊಡ್ಡಬಳ್ಳಾಪುರದಲ್ಲಿ ಸೀರೆ ಕೇಳುವವರಿಲ್ಲದೆ ಮಗ್ಗಗಳು ನಿಂತವು. ದೇವನಹಳ್ಳಿಯ ಕಡೆ ಲೇಔಟಿಗೆ ಗಡಿಕಲ್ಲು ನೆಟ್ಟವರು ಕಲ್ಲನ್ನು ಅಲ್ಲೇ ಬಿಟ್ಟು ಕಾಣೆಯಾದರು. ನೂಲು ಸುತ್ತುತ್ತಿದ್ದವರು, ಗಾರೆ ಕಲಸುತ್ತಿದ್ದವರು, ಅಷ್ಟೇಕೆ, ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಿದ್ದ ನಮ್ಮ ದೇವೇಂದ್ರನೂ ಗುದ್ದಲಿ ಹಿಡಿದು ಕೆರೆಗೆ ಬಂದ. ಕೆರೆಗೆ ನೀರು ತರುವ ಕಾಲುವೆಯಲ್ಲಿ ಆಳೆತ್ತರ ಹೂಳು ತುಂಬಿತ್ತು, ಊರಿನಲ್ಲಿ ಮನೆ ತುಂಬ ಖಾಲಿ ಕೈಗಳಿದ್ದವು, ಎರಡನ್ನೂ ಒಂದು ಕಡೆ ಸೇರಿಸಿದ ಸರ್ಕಾರದ ಬುದ್ಧಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಡುವೆ ತಮ್ಮನ್ನು ತಂದು ಕೂರಿಸಿದ ಬುದ್ಧಿಯನ್ನೂ ಮೆಚ್ಚಲು ಪ್ರಯತ್ನದಲ್ಲಿದ್ದೇನೆ.

ಫೋಟೋ ತೆಗೆಸಿಕೊಳ್ಳುವುದು ನಮ್ಮಲ್ಲಿ ಸಣ್ಣ ಸಂಗತಿಯಲ್ಲ ಎಂಬುದನ್ನು ತಮಗೆ ಯಾರೂ ತಿಳಿಸಿದಂತಿಲ್ಲ. ಪಂಚಾಯಿತಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೀರ್ತನ ಒಳ್ಳೆಯ ಹುಡುಗಿ. ಅವಳು "ಆಂಟಿ, ಸೋಮವಾರ ಎಲ್ರನ್ನೂ ಕರ್ಕೊಂಡ್ ಬನ್ನಿ, ಮುಖದ ಫೋಟೋ ತೆಗೀಬೇಕು" ಎಂದದ್ದೇ ಎಡವಟ್ಟಾಯಿತು. ಸೋಮವಾರ ಪಂಚಾಯಿತಿ ಮುಂದೆ ಬಂದು ನಿಂತದ್ದು ಕೂಲಿಯವರ ಗುಂಪಲ್ಲ, ಹೆಣ್ಣಿನ ಕಡೆಯ ದಿಬ್ಬಣ. ಕಪಾಟಿನ ತಳದ ಸೀರೆಗಳೆಲ್ಲ ಹೊರಗೆ ಬಂದಿದ್ದವು. ದೇವೇಂದ್ರ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂದಿದ್ದ, ಅದನ್ನು ನಾನೇ ಕಿತ್ತುಕೊಂಡೆ.

ಅದರಲ್ಲೂ ಪಿಳ್ಳಮ್ಮನವರದು ಒಂದು ಕೈ ಮೇಲು. ಐವತ್ತೆಂಟು ವರ್ಷದ ಈ ಹೆಂಗಸು ಮೂವತ್ತು ವರ್ಷ ಮಗ್ಗದ ಮನೆಗಳಲ್ಲಿ ನೂಲು ಸುತ್ತಿದವರು. ಮನೆಯಲ್ಲಿ ದುಡಿಯುವ ಜೀವ ಇನ್ನೊಂದಿಲ್ಲ. ಅಂದು ಅವರು ಮುಖಕ್ಕೆ ಎರಡು ಕೋಟು ಪೌಡರ್ ಬಳಿದು, ಕಣ್ಣಿಗೆ ಕಾಡಿಗೆ ತೀಡಿ, ಮೊಳ ಕನಕಾಂಬರ ಮುಡಿದು, ಎಲ್ಲಕ್ಕಿಂತ ಮಿಗಿಲಾಗಿ ಹಲ್ಲಿನ ಸೆಟ್ಟು ಹಾಕಿಕೊಂಡು ಬಂದರು. ಉಚಿತ ಶಿಬಿರದಲ್ಲಿ ಸಿಕ್ಕ ಆ ಸೆಟ್ಟು ಮದುವೆಗೆ ಮತ್ತು ಫೋಟೋಗೆ ಮಾತ್ರ. ಮಿಕ್ಕ ದಿನ ಅದು ಸ್ಟೀಲ್ ಡಬ್ಬಿಯಲ್ಲಿ ವಿಶ್ರಾಂತಿ ಪಡೆಯುತ್ತದೆ. "ಮುದ್ದೆ ನುಂಗಾಕೆ ಹಲ್ಲ್ಯಾಕಮ್ಮಿ ಬೇಕು?" ಎನ್ನುವುದು ಅವರ ವಾದ. ಆ ಹಲ್ಲು ಬಿಟ್ಟು ನಕ್ಕ ಬೆಳ್ಳನೆಯ ಮುಖವನ್ನು ತಾವು ಮೆಚ್ಚಿ ಒಳಗೆ ಇಟ್ಟುಕೊಂಡಿರಿ.

ಮಂಗಳವಾರ ಅವರು ಹಳೇ ಸೀರೆ, ಟವೆಲು, ಬೊಚ್ಚುಬಾಯಿಯ ಸಹಿತ ತಮ್ಮ ಮುಂದೆ ನಿಂತಾಗ, ಈ ಹೆಂಗಸು ಯಾರೋ ಗೊತ್ತಿಲ್ಲವೆಂದು ತಾವು ಕೆಂಪು ಬಣ್ಣ ತೋರಿಸಿದಿರಿ. ಮಿಕ್ಕವರನ್ನು ಹೇಗೋ ಗುರುತು ಹಿಡಿದಿರಿ, ಇವರನ್ನು ಮಾತ್ರ ಇಲ್ಲ. ತಮ್ಮ ಸೌಂದರ್ಯಪ್ರಜ್ಞೆಗೆ ತಲೆಬಾಗುತ್ತೇನೆ. ಹೆಣ್ಣು ನೋಡಲು ಬಂದ ಬೀಗರು ಕೂಡ ಮರುದಿನ ಇಷ್ಟು ಕಟ್ಟುನಿಟ್ಟು ಮಾಡುವುದಿಲ್ಲ.

ಬುಧವಾರದಿಂದ ನಮ್ಮ ಕೆಲಸದ ಸಾಮಾನಿನಲ್ಲಿ ಗುದ್ದಲಿ, ಮಂಕರಿ, ಹಾರೆಗಳ ಜೊತೆಗೆ ಒಂದು ಪೌಡರ್ ಡಬ್ಬಿ, ಒಂದು ಕನ್ನಡಿ ಸೇರಿದವು. ಏರಿಯ ಮೇಲೆ ಪಿಳ್ಳಮ್ಮನವರನ್ನು ಕೂರಿಸಿ, ಹಲ್ಲಿನ ಸೆಟ್ಟು ಹಾಕಿಸಿ, ನಾಲ್ಕು ಜನ ಹೆಂಗಸರು ಅಲಂಕಾರ ಮಾಡುತ್ತಿದ್ದೆವು. ಆಮೇಲೆ ಕಣ್ಣು ಮಿಟುಕಿಸಬೇಕೆಂದು ತಾವು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸಿದಿರಿ. ಪಿಳ್ಳಮ್ಮನವರಿಗೆ ಮದುವೆಯ ಹೊಸತರಲ್ಲಿ ಸ್ಟುಡಿಯೋದವನೊಬ್ಬ, ಕಣ್ಣು ಮುಚ್ಚಿದರೆ ಫೋಟೋ ಹಾಳಾಗುತ್ತದೆಂದು ಗದರಿದ್ದನಂತೆ. ನಲವತ್ತು ವರ್ಷದಿಂದ ಆ ಮಾತನ್ನು ನಡೆಸಿಕೊಂಡು ಬಂದವರು ತಮ್ಮ ಮುಂದೆಯೂ ಉಸಿರು ಬಿಗಿಹಿಡಿದು, ಕಣ್ಣು ಅಗಲಿಸಿ, ನೀರು ಸುರಿಯುವವರೆಗೂ ರೆಪ್ಪೆ ಬಡಿಯದೆ ನಿಂತರು. ಜೀವವಿರುವ ಮನುಷ್ಯರಲ್ಲವೆಂದು ತಾವು ತೀರ್ಮಾನಿಸಿದಿರಿ. ನಮ್ಮ ಗುಂಪಿನ ಕದಿರಮ್ಮ ಹಿಂದಿನಿಂದ ಚಿವುಟಿದ ಮೇಲೆ ಒಮ್ಮೆ ಮಿಟುಕಿಸಿದರು. ಆಗ ತಾವು ಒಪ್ಪಿದಿರಿ, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಮಧ್ಯಾಹ್ನದ ಹೊತ್ತಿಗೆ ಹೂಳು ಹೊತ್ತು ಹೊತ್ತು ಪೌಡರೆಲ್ಲ ಬೆವರಿನಲ್ಲಿ ಇಳಿದಿತ್ತು, ಮತ್ತೆ ಬಳಿದರೂ ನಿಲ್ಲಲಿಲ್ಲ. ಬೆಳಿಗ್ಗೆ ಬಂದ ಸುಂದರಿ ಎಲ್ಲಿ, ಈ ಮಣ್ಣಿನ ಮುದುಕಿ ಯಾರು ಎಂಬಂತೆ ತಾವು ಮತ್ತೆ ಕೆಂಪಗಾದಿರಿ. ಒಂದು ಹೊತ್ತಿನ ಮುಖ ತಪ್ಪಿದರೂ ತಮ್ಮಲ್ಲಿ ಇಡೀ ದಿನವೇ ಲೆಕ್ಕಕ್ಕಿಲ್ಲ. ಕೆಲಸ ಮಾಡಿದ ಗುರುತು ಮುಖದ ಮೇಲಿದ್ದರೆ ಕೆಲಸಕ್ಕೆ ಬಂದಿಲ್ಲವೆಂದು ಬರೆದುಕೊಳ್ಳುವ ಹಾಜರಿಯನ್ನು ಈ ವಯಸ್ಸಿಗೆ ಮೊದಲ ಬಾರಿ ಕಂಡೆ.

ಹೊಸ ಫೋಟೋ ತೆಗೆಸೋಣವೆಂದು ಪಂಚಾಯಿತಿಗೆ ಹೋದೆವು. ಹೊಸ ಮುಖ ಸೇರಿಸಬೇಕಾದರೆ ಮೊದಲು ಹಳೆಯ ಮುಖದ ಜೊತೆ ಹೊಂದಬೇಕಂತೆ. ಹೊಂದಿದರೆ ಹೊಸದರ ಅಗತ್ಯವೇ ಇಲ್ಲವಲ್ಲ ಎಂದು ನಾನು ಕೇಳಿದೆ. ಪಿಡಿಒ ಸಾಹೇಬರು "ನೀವ್ ಹೇಳೋದು ಕರೆಕ್ಟೇ ಕಣಮ್ಮ, ಆದ್ರೆ ಸಿಸ್ಟಮ್ ಒಪ್ಪಲ್ಲ" ಎಂದರು. ತಿಂಗಳ ಕೊನೆಯೊಳಗೆ ಗುರುತು ಸಿಗದಿದ್ದರೆ ಪಿಳ್ಳಮ್ಮನವರ ಹೆಸರೇ ಪಟ್ಟಿಯಿಂದ ಹೋಗುತ್ತದೆ ಎಂದೂ ಹೇಳಿದರು. ಮಗ್ಗ ನಿಂತಿದೆ, ಈ ಕೆಲಸವೂ ಹೋದರೆ ಆ ಹೆಂಗಸಿಗೆ ಉಳಿಯುವುದು ಆ ಹಲ್ಲಿನ ಸೆಟ್ಟು ಮಾತ್ರ. ತಮಾಷೆ ಮಾಡುತ್ತಿದ್ದೇನೆಂದು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹನ್ನೊಂದು ದಿನ ತಮ್ಮ ಲೆಕ್ಕದಲ್ಲಿ ಪಿಳ್ಳಮ್ಮನವರು ಗೈರುಹಾಜರು. ಆ ಹನ್ನೊಂದು ದಿನವೂ ಅವರು ಬಂದರು. ಮನೆಗೆ ಹೋಗಕ್ಕ, ಸುಮ್ಮನೆ ಏಕೆ ಮೈ ಸವೆಸುತ್ತೀಯ ಎಂದರೆ, "ನನ್ ಪಾಲು ನಾನ್ ತೆಗೀದೆ ಬಿಟ್ರೆ ನೀರು ಅಲ್ಲೇ ನಿಂತ್ಕೊಂಬಿಡ್ತದೆ ಕಣೇ ವರಲಕ್ಷ್ಮಿ, ಆ ಮಿಷಿನ್‌ಗೇನ್ ಗೊತ್ತು" ಎಂದು ಸೆರಗು ಬಿಗಿದು ಇಳಿದರು. ಮೇಲಿನ ಹೊಂಗೆಮರದಿಂದ ಮೋರಿಯವರೆಗೆ ಮೂವತ್ತಡಿ, ಒಬ್ಬರೇ ತೋಡಿದರು.

ಮೊನ್ನೆ ಶುಕ್ರವಾರ ಮಳೆ ಬಂತು. ಊರೇ ಏರಿಯ ಮೇಲೆ ನಿಂತು ನೋಡಿತು. ಕೆಂಪು ನೀರು ಕಾಲುವೆಯಲ್ಲಿ ಹೊರಳಿಕೊಂಡು ಬಂದು, ದೇವೇಂದ್ರನ ಪಾಲು ದಾಟಿ, ಕದಿರಮ್ಮನ ಪಾಲು ದಾಟಿ, ಪಿಳ್ಳಮ್ಮನವರ ಮೂವತ್ತಡಿಯನ್ನೂ ಯಾವ ಅನುಮಾನವೂ ಇಲ್ಲದೆ ದಾಟಿ ಕೆರೆಗೆ ಬಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಆದರೆ ಮನೆಗೆ ಬಂದ ಮೇಲೆ ಗಾಬರಿಯಾಯಿತು. ತಮ್ಮ ದಾಖಲೆಯ ಪ್ರಕಾರ ಆ ಜಾಗದಲ್ಲಿ ಯಾರೂ ಕೆಲಸ ಮಾಡಿಲ್ಲ, ಆದ್ದರಿಂದ ಅಲ್ಲಿ ಆಳೆತ್ತರ ಹೂಳು ಹಾಗೆಯೇ ಇರಬೇಕು, ನೀರು ಮುಂದೆ ಹೋಗಿರುವುದು ಕಾನೂನಿಗೆ ವಿರುದ್ಧ.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿ ಇಷ್ಟೇ. ತಾವು ಕೂಡಲೇ ಕೆರೆಯ ನೀರಿನ ಮುಖವನ್ನು ಪರಿಶೀಲಿಸಿ, ಅದು ಹೊಂದದಿದ್ದರೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಹೊಂಗೆಮರದ ಬಳಿ ನಿಲ್ಲುವಂತೆ ಅದಕ್ಕೆ ಆದೇಶ ಹೊರಡಿಸಬೇಕು. ಅದು ತಮ್ಮಿಂದ ಆಗದಿದ್ದಲ್ಲಿ, ಪಿಳ್ಳಮ್ಮನವರ ಹೆಸರಿನ ಮುಂದೆ ಹನ್ನೊಂದು ದಿನಗಳ ಹಾಜರಿ ಹಾಕಬೇಕು. ಎರಡರಲ್ಲಿ ತಮಗೆ ಯಾವುದು ಸುಲಭವೋ ಅದನ್ನು ಮಾಡಿ.

ಇಂದಿನವರೆಗೆ ತಮ್ಮ ಕಣ್ಣಿಗೆ ಕಾಣುತ್ತಿರುವ,
ತಮ್ಮ ವಿಶ್ವಾಸಿ,
ವರಲಕ್ಷ್ಮಮ್ಮ, ಕಾಯಕ ಬಂಧು

ತಾ.ಕ.: ಇದನ್ನು ಬರೆದು ಮುಗಿಸುವಷ್ಟರಲ್ಲಿ ಎಂಜಿನಿಯರ್ ಬಂದು ಕಾಲುವೆ ಅಳೆದರು. ಹಾಜರಿಯಲ್ಲಿರುವ ಜನ ಅಗೆಯಬಹುದಾದದ್ದಕ್ಕಿಂತ ಮೂವತ್ತಡಿ ಹೆಚ್ಚು ಅಗೆದಿದೆಯಂತೆ, ಕಾರಣ ಕೇಳಿ ನನಗೆ ನೋಟಿಸ್ ಕೊಟ್ಟಿದ್ದಾರೆ. ಹೆಚ್ಚಾದದ್ದನ್ನು ಮತ್ತೆ ಮುಚ್ಚಿಸುವುದೇ ತಮ್ಮ ಇಚ್ಛೆಯಾದರೆ ನಮ್ಮ ತಕರಾರಿಲ್ಲ, ಮುಚ್ಚುವುದೂ ಹನ್ನೊಂದು ದಿನದ ಕೆಲಸ. ಅದನ್ನು ದಯವಿಟ್ಟು ಪಿಳ್ಳಮ್ಮನವರಿಗೇ ಕೊಡಿ, ಈ ಸಲ ಹಾಜರಿ ಹಾಕಿ.